ಗೇಟ್ ಸಿಎಸ್ ಸ್ಕೋರ್ 476: ಮತ್ತೊಮ್ಮೆ ಬರೀಬೇಕಾ?

ಪಾಯಿಂಟರ್_ಕಳೆದೋಯ್ತು

ಎಂ.ಟೆಕ್ ಪ್ರವೇಶಕ್ಕೆ ಬರೆಯೋ ಗೇಟ್ ಪರೀಕ್ಷೆ, ಸಿಎಸ್ (ಕಂಪ್ಯೂಟರ್ ಸೈನ್ಸ್) ಪೇಪರ್, ಜನರಲ್ ಕೆಟಗರಿ. ರೆಸ್ಪಾನ್ಸ್ ಶೀಟ್ ಪ್ರಕಾರ 42 ಅಂಕ, ನಾರ್ಮಲೈಸ್ ಆದ ಮೇಲೆ (ಬೇರೆ ಬೇರೆ ಪಾಳಿಯ ಪೇಪರ್‌ಗಳ ಅಂಕ ಸರಿದೂಗಿಸಿ) 43. ಕಟಾಫ್ 29, ಸ್ಕೋರ್ 476. ಆಪ್ಟಿಟ್ಯೂಡ್‌ನಲ್ಲಿ 15ಕ್ಕೆ 8, ಮ್ಯಾಥ್ಸ್‌ನಲ್ಲಿ 13ಕ್ಕೆ 5, ಮಿಕ್ಕ 72ರಲ್ಲಿ 29. ಹನ್ನೆರಡು ಎಂಸಿಕ್ಯೂ (ನಾಲ್ಕರಲ್ಲಿ ಒಂದೇ ಉತ್ತರ ಆರಿಸೋ ಪ್ರಶ್ನೆ) ತಪ್ಪಾಗಿ ನೆಗೆಟಿವ್‌ನಲ್ಲೇ 6 ಅಂಕ ಹೋಗಿದೆ. ಬೆಂಗಳೂರಲ್ಲಿ ಕೆಲಸದ ಆಫರ್ ಇದೆ, ಜುಲೈನಲ್ಲಿ ಸೇರಬೇಕು. ಈ ಸ್ಕೋರಿಗೆ ಸಿಕ್ಕಿದ್ದು ತಗೊಳ್ಳೋದಾ, ಕೆಲಸ ಮಾಡ್ತಾ ಮತ್ತೆ ಬರೆಯೋದಾ, ಇಲ್ಲ ಒಂದು ವರ್ಷ ಮನೇಲಿ ಕೂತು ಓದೋದಾ? ಎರಡನೇ ಸಲ ಕಡಿಮೆ ಬಂದ್ರೆ ಈಗಿನ ಸ್ಕೋರ್ ಹೋಗಿಬಿಡುತ್ತಾ?

ಸ್ಟ್ಯಾಕ್_ಮೇಷ್ಟ್ರು

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಹೋಗಲ್ಲ. ಗೇಟ್ ಸ್ಕೋರ್ ಫಲಿತಾಂಶ ಬಂದ ದಿನದಿಂದ 3 ವರ್ಷ ಚಾಲ್ತಿಯಲ್ಲಿರುತ್ತೆ. ಎಷ್ಟು ಸಲ ಬೇಕಾದರೂ ಬರೀಬಹುದು, ವಯಸ್ಸಿನ ಮಿತಿ ಇಲ್ಲ. ಎಂ.ಟೆಕ್ ಅಡ್ಮಿಷನ್‌ಗೆ ಚಾಲ್ತಿಯಲ್ಲಿರೋ ಸ್ಕೋರ್‌ಗಳಲ್ಲಿ ಒಳ್ಳೇದನ್ನ ಹಾಕಬಹುದು. ಸರ್ಕಾರಿ ಕಂಪನಿಗಳ ನೇಮಕಾತಿ ಮಾತ್ರ ಬೇರೆ, ಅವರು ಸಾಮಾನ್ಯವಾಗಿ ಆಯಾ ವರ್ಷದ ಸ್ಕೋರನ್ನೇ ಕೇಳ್ತಾರೆ.

ಈಗ ನಿಮ್ಮ ಸ್ಕೋರ್ ಕಾರ್ಡ್‌ನಿಂದಲೇ ಒಂದು ಲೆಕ್ಕ. ಜನರಲ್ ಕಟಾಫ್‌ಗೆ 350, ಅತಿ ಮೇಲಿನ 0.1% ಅಭ್ಯರ್ಥಿಗಳ ಅಂಕಗಳ ಸರಾಸರಿಗೆ (ಆ 0.1% ಹತ್ತು ಜನಕ್ಕಿಂತ ಕಡಿಮೆಯಾದರೆ ಮೊದಲ ಹತ್ತು ಜನರ ಸರಾಸರಿಗೆ) 900. ಮಧ್ಯೆ ನೇರ ಗೆರೆ. ನೀವು ಕಟಾಫ್‌ಗಿಂತ 14 ಅಂಕ ಮೇಲೆ, 350ಕ್ಕಿಂತ 126 ಮೇಲೆ. ಅಂದ್ರೆ ಒಂದು ಅಂಕಕ್ಕೆ 9. ಬೇರೆ ಕೆಟಗರಿಯವರೂ ಈ ಲೆಕ್ಕಕ್ಕೆ ಜನರಲ್ ಕಟಾಫನ್ನೇ ಹಿಡಿಯಬೇಕು, ಅಲ್ಲೇ ತುಂಬಾ ಜನ ಎಡವೋದು.

ಆಪ್ಟಿಟ್ಯೂಡ್ 8ರಿಂದ 12ಕ್ಕೆ, ಮ್ಯಾಥ್ಸ್ 5ರಿಂದ 9ಕ್ಕೆ ಏರಿದ್ರೆ 8 ಅಂಕ, ಅಂದಾಜು 72 ಸ್ಕೋರ್. ಕೋರ್ ಸಬ್ಜೆಕ್ಟ್ (ಆ ಮಿಕ್ಕ 72 ಅಂಕದ ಭಾಗ) ಮುಟ್ಟದೇ 548 ಹತ್ತಿರ ಬರ್ತೀರಿ. ಕಟಾಫ್, ಟಾಪರ್‌ಗಳ ಅಂಕ ಪ್ರತಿ ವರ್ಷ ಬದಲಾಗೋದ್ರಿಂದ ಈ 9 ಮುಂದಿನ ವರ್ಷ 8.5 ಆಗಬಹುದು, 9.5 ಆಗಬಹುದು. ಆದರೂ ನಿಮ್ಮ ಕೇಸಲ್ಲಿ ಮತ್ತೆ ಬರೆಯೋದಕ್ಕೆ ಕಾರಣ ಇದೆ, ಯಾಕಂದ್ರೆ ಸೋರಿರೋದು ಸುಲಭವಾಗಿ ಮುಚ್ಚಬಹುದಾದ ಕಡೆ. ಆಪ್ಟಿಟ್ಯೂಡ್ 13, ಮ್ಯಾಥ್ಸ್ 11 ಬಂದೂ ಒಟ್ಟು 43 ಆಗಿದ್ರೆ ನಾನು ಬೇಡ ಅಂತಿದ್ದೆ. ಆಗ ಉಳಿಯೋದು ಕೋರ್ ಮಾತ್ರ, ಅದು ಕೆಲಸ ಮಾಡ್ತಾ ಏರೋದು ನಿಧಾನ.

ತುಂಗಾ_ತೀರ

ಮೇಷ್ಟ್ರ ಲೆಕ್ಕ ಸರಿ. ಆದರೆ ಆ ನೆಗೆಟಿವ್ 6 ಅಂಕದ ಬಗ್ಗೆ ಒಂದು ಮಾತು. “ಗೆಸ್ ಮಾಡೋದು ಬಿಟ್ರೆ 6 ವಾಪಸ್ ಬರುತ್ತೆ” ಅಂತ ಎಣಿಸಬೇಡಿ. ಒಂದು ಅಂಕದ ಎಂಸಿಕ್ಯೂ ತಪ್ಪಿದ್ರೆ 1/3, ಎರಡು ಅಂಕದ್ದಕ್ಕೆ 2/3 ಕಳೀತಾರೆ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒತ್ತಿದ್ರೆ ಸರಾಸರಿ ಸಿಗೋದು ಸೊನ್ನೆ, ಲಾಭವೂ ಇಲ್ಲ ನಷ್ಟವೂ ಇಲ್ಲ. ಒಂದು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಾದ್ರೆ ಒಂದು ಅಂಕದ ಪ್ರಶ್ನೆಗೆ 1/9 ಲಾಭ, ಎರಡನ್ನ ತೆಗೆದುಹಾಕಿದ್ರೆ 1/3. ಹಾಗಾಗಿ ಗೆಸ್‌ಗಿಂತ “ಗೊತ್ತು ಅಂದುಕೊಂಡು ತಪ್ಪಿದ್ದು” ಎಷ್ಟು ಅನ್ನೋದು ಮುಖ್ಯ.

ರೆಸ್ಪಾನ್ಸ್ ಶೀಟ್ ಮತ್ತು ಅಂತಿಮ ಕೀ (ಸರಿ ಉತ್ತರಗಳ ಪಟ್ಟಿ) ಪಕ್ಕಪಕ್ಕ ಇಟ್ಟುಕೊಂಡು ತಪ್ಪಿದ, ಬಿಟ್ಟ ಪ್ರತಿ ಪ್ರಶ್ನೆಗೂ ಒಂದು ಗುರುತು ಹಾಕಿ: ವಿಷಯವೇ ಗೊತ್ತಿರಲಿಲ್ಲ, ಗೊತ್ತಿದ್ದೂ ಲೆಕ್ಕ ತಪ್ಪಿತು, ಪ್ರಶ್ನೆ ತಪ್ಪಾಗಿ ಓದಿದೆ, ಟೈಮ್ ಸಾಲಲಿಲ್ಲ. ಪೇಜ್ ಟೇಬಲ್ ಲೆಕ್ಕದಲ್ಲಿ ಬೈಟ್ ಇದ್ದ ಕಡೆ ಬಿಟ್ ಹಿಡಿಯೋದು, ಎನ್‌ಎಟಿಯಲ್ಲಿ (ಉತ್ತರವಾಗಿ ಸಂಖ್ಯೆಯನ್ನೇ ತುಂಬೋ ಪ್ರಶ್ನೆ) ದಶಮಾಂಶ ಎಷ್ಟು ಕೇಳಿದ್ದಾರೆ ಅಂತ ನೋಡದೇ ಇರೋದು, ಎಂಎಸ್‌ಕ್ಯೂನಲ್ಲಿ (ಒಂದಕ್ಕಿಂತ ಹೆಚ್ಚು ಆಯ್ಕೆ ಸರಿ ಇರಬಹುದಾದ ಪ್ರಶ್ನೆ) ಮೂರು ಸರಿ ಇದ್ದಾಗ ಎರಡೇ ಒತ್ತೋದು (ಅದಕ್ಕೆ ಭಾಗಶಃ ಅಂಕ ಇಲ್ಲ) ಇವೆಲ್ಲ ಎರಡನೇ ಗುಂಪು, ಮೂರನೇ ಗುಂಪು. ಎಂಎಸ್‌ಕ್ಯೂ, ಎನ್‌ಎಟಿಗೆ ನೆಗೆಟಿವ್ ಇಲ್ಲ, ಅಲ್ಲಿ ಖಾಲಿ ಬಿಟ್ಟಿದ್ರೆ ಅದನ್ನೂ ಬರ್ಕೊಳ್ಳಿ. ಮೊದಲ ಗುಂಪೇ ಅರ್ಧಕ್ಕಿಂತ ಜಾಸ್ತಿ ಬಂದ್ರೆ ಮತ್ತೆ ಪರೀಕ್ಷೆ ಅಂದ್ರೆ ಪೂರ್ತಿ ಸಿಲಬಸ್ ಮತ್ತೆ ಓದೋದು ಅಂತಲೇ ಅರ್ಥ.

ಬೈನರಿ_ಬಸವ

ಇಬ್ಬರೂ ಈ ವರ್ಷದ ಕೌನ್ಸೆಲಿಂಗ್ ಮರೆತ್ರಿ! ಅದು ಮುಗಿಯೋ ತನಕ ತೀರ್ಮಾನವೇ ಬೇಡ. ಎನ್‌ಐಟಿಗಳಿಗೆ ಸಿಸಿಎಂಟಿ ಅನ್ನೋ ಒಟ್ಟು ಕೌನ್ಸೆಲಿಂಗ್, ಸುರತ್ಕಲ್ ಕೂಡ ಅದರಲ್ಲೇ. ಐಐಟಿಗಳಿಗೆ ಪ್ರತಿ ಸಂಸ್ಥೆಗೂ ಬೇರೆ ಬೇರೆ ಅರ್ಜಿ ಹಾಕಬೇಕು, ಕೋಯಾಪ್‌ನಲ್ಲಿ (ಆಫರ್‌ಗಳು ಬರೋ ಒಂದೇ ಪೋರ್ಟಲ್) ನೋಂದಣಿ ಮಾಡಿದ್ರೆ ಅದೇ ಅರ್ಜಿ ಅಲ್ಲ. ಅಲ್ಲಿ ಬರೋದು ಆಫರ್ ಮಾತ್ರ. ‘ರಿಜೆಕ್ಟ್ ಅಂಡ್ ವೇಟ್’ ಒತ್ತಿದ್ರೆ ಅದೇ ಸೀಟು ಮತ್ತೆ ಬರಲ್ಲ, ‘ರಿಟೇನ್ ಅಂಡ್ ವೇಟ್’ ಒತ್ತಿದ್ರೆ ಕೈಲಿರುತ್ತೆ. ಎಂ.ಟೆಕ್ ಸಿಎಸ್ ಬಿಟ್ಟು ರಿಸರ್ಚ್ ಪ್ರೋಗ್ರಾಂಗಳನ್ನೂ ನೋಡಿ, ಅಲ್ಲಿ ಸ್ಕೋರ್ ಬರೀ ಶಾರ್ಟ್‌ಲಿಸ್ಟ್‌ಗೆ, ಆಮೇಲೆ ಲಿಖಿತ ಪರೀಕ್ಷೆಯೋ ಇಂಟರ್ವ್ಯೂನೋ ನಿರ್ಧರಿಸುತ್ತೆ. ನಮ್ಮ ರಾಜ್ಯದ ಕಾಲೇಜುಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಹೋದ್ರೂ ಗೇಟ್ ಪಾಸಾದವರಿಗೆ ಆದ್ಯತೆ.

ಯಾವುದೂ ಹಿಡಿಸದಿದ್ರೆ ಕೆಲಸಕ್ಕೆ ಸೇರ್ಕೊಳ್ಳಿ. ಎಲ್ಲಾ ಬಿಟ್ಟು ಕೂರೋದು ಬೇಡ, ಕೂತವರಿಗೆ ದಿನಕ್ಕೆ 10 ಗಂಟೆ ಸಿಕ್ಕೋದು ಕಾಗದದ ಮೇಲೆ. ವಾರದ ದಿನ 2 ಗಂಟೆ, ಶನಿವಾರ ಭಾನುವಾರ 5-5, ವಾರಕ್ಕೆ 20. ಜೂನ್‌ನಿಂದ ಜನವರಿ ಕೊನೆವರೆಗೆ, ಹಬ್ಬ, ಆಫೀಸಿನ ರಿಲೀಸ್ ಗಡಿಬಿಡಿ, ಜ್ವರ ಅಂತ ಮೂರು ವಾರ ಕಳೆದ್ರೂ, ಸುಮಾರು 32 ವಾರ ಅಂದ್ರೆ 640 ಗಂಟೆ. ಒಮ್ಮೆ ಓದಿದವರಿಗೆ ಇದು ಧಾರಾಳ. ನವೆಂಬರ್‌ಗೆ ಓದು ಮುಗಿಸಿ, ಆಮೇಲೆ ಬರೀ ಹಳೇ ಪೇಪರ್ ಮತ್ತು ಮಾಕ್ (ಅಣಕು ಪರೀಕ್ಷೆ). ಪ್ರತಿ 3 ಗಂಟೆ ಮಾಕ್‌ಗೆ ಇನ್ನೊಂದು 3 ಗಂಟೆ ಪರಿಶೀಲನೆಗೆ ಇಡಿ. ಲೆಕ್ಕವನ್ನ ಮೌಸ್ ಹಿಡಿದು ವರ್ಚುವಲ್ ಕ್ಯಾಲ್ಕುಲೇಟರ್‌ನಲ್ಲೇ ಮಾಡಿ, ಪರೀಕ್ಷೆಯಲ್ಲಿ ಕೀಬೋರ್ಡ್ ಕೆಲಸ ಮಾಡಲ್ಲ.

ಪಾಯಿಂಟರ್_ಕಳೆದೋಯ್ತು

ಗುರುತು ಹಾಕಿ ನೋಡಿದೆ. ಮ್ಯಾಥ್ಸ್‌ನಲ್ಲಿ ಹೋದದ್ದು ಹೆಚ್ಚೂಕಮ್ಮಿ ಎಲ್ಲಾ ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ. ಎಂಎಸ್‌ಕ್ಯೂ 3 ಖಾಲಿ ಬಿಟ್ಟಿದ್ದೀನಿ. ಗೇಟ್‌ನ ಡಿಎ (ಡೇಟಾ ಸೈನ್ಸ್ ಮತ್ತು ಎಐ) ಪೇಪರನ್ನೂ ಜೊತೆಗೆ ಬರೆದ್ರೆ ಹೇಗೆ?

ಸ್ಟ್ಯಾಕ್_ಮೇಷ್ಟ್ರು

ಬರೀಬಹುದು, ಸಿಎಸ್ ಜೊತೆ ಡಿಎ ತಗೊಳ್ಳೋಕೆ ಅವಕಾಶ ಇದೆ, ಶುಲ್ಕ ಹೆಚ್ಚು ಕಟ್ಟಬೇಕು. ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ, ಡೇಟಾ ಸ್ಟ್ರಕ್ಚರ್, ಡೇಟಾಬೇಸ್ ಎರಡಕ್ಕೂ ಆಗುತ್ತೆ. ಹೊಸದಾಗಿ ಓದಬೇಕಾದ್ದು ಮೆಷಿನ್ ಲರ್ನಿಂಗ್, ಎಐ, ಆಪ್ಟಿಮೈಸೇಷನ್. ಆದರೆ ಡಿಎ ಸ್ಕೋರನ್ನ ಯಾವ ಪ್ರೋಗ್ರಾಂ ಒಪ್ಪುತ್ತೆ ಅನ್ನೋದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ನಿಮಗೆ ಬೇಕಾದ ನಾಲ್ಕು ಕಡೆಯ ಬ್ರೋಚರ್ ನೋಡಿ, ಎರಡರಲ್ಲಾದ್ರೂ ಡಿಎ ಇದ್ದರೆ ಮಾತ್ರ ಹಾಕಿ. ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ತೆರೀತಾರೆ. ಅಷ್ಟರಲ್ಲಿ ಪ್ರಾಬಬಿಲಿಟಿ ಒಂದು ಮುಗಿಸಿರಿ.