‘ಸ್ಮೈಟ್’ ಆಟ: ನಾವು ಮೂವರು ಯಾವ ಪಾತ್ರ, ಯಾವ ರೋಲ್, ಯಾವ ಮೋಡ್‌ನಿಂದ ಆರಂಭಿಸಬೇಕು?

ಪ್ರಶ್ನೆ: ಮಲಪ್ರಭಾ ದಂಡೆ (ಬಾದಾಮಿ)

ಎಲ್ಲರಿಗೂ ನಮಸ್ಕಾರ. ಪುರಾಣದ ಪಾತ್ರಗಳನ್ನು ಎದುರುಬದುರು ನಿಲ್ಲಿಸಿ ಕಾದಾಡಿಸುವ ‘ಸ್ಮೈಟ್’ ಆಟವನ್ನು ಬಲ್ಲವರಿಂದ ನನಗೆ ಸಲಹೆ ಬೇಕಾಗಿದೆ. ಬೆಳಗಾವಿಯಲ್ಲಿ ಓದುತ್ತಿರುವ ನನ್ನ ಕಾಕಾನ ಮಗ, ವಿಜಯಪುರದ ಅವನ ಗೆಳೆಯ ಮತ್ತು ನಾನು, ಹೀಗೆ ಮೂವರು ಸೇರಿ ಮೊದಲನೆಯ ‘ಸ್ಮೈಟ್’ ಅನ್ನು ಸರಿಯಾಗಿ ಕಲಿಯಬೇಕೆಂದಿದ್ದೇವೆ. ಗ್ರೀಕ್, ನಾರ್ಸ್, ಈಜಿಪ್ಟ್, ಚೀನಾ, ಮಾಯಾ ಮೊದಲಾದ ಹಲವು ಪರಂಪರೆಗಳ ದೇವತೆಗಳು ಅದರಲ್ಲಿದ್ದರೂ ನಮ್ಮ ಕಣ್ಣು ಬಿದ್ದಿರುವುದು ಹಿಂದೂ ಪುರಾಣದ ಸಾಲಿನ ಮೇಲೆಯೇ. ನಾನು ರಾಮನನ್ನು, ಕಾಕಾನ ಮಗ ಕಾಳಿಯನ್ನು, ಗೆಳೆಯ ಬಕಾಸುರನನ್ನು ಆಯ್ದುಕೊಂಡಿದ್ದೇವೆ.

ನನ್ನ ಪ್ರಶ್ನೆಗಳು ಇವು. ಈ ಮೂವರು ಒಂದೇ ತಂಡದಲ್ಲಿ ಹೊಂದಿಕೊಳ್ಳುತ್ತಾರೆಯೇ? ಸೋಲೋ, ಜಂಗಲ್, ಮಿಡ್, ಸಪೋರ್ಟ್, ಕ್ಯಾರಿ ಎಂಬ ಐದು ರೋಲ್‌ಗಳಲ್ಲಿ ಯಾರಿಗೆ ಯಾವುದು ಸಲ್ಲುತ್ತದೆ? ಕಲಿಯಲು ಯಾವ ಮೋಡ್ (ಆಟದ ಬಗೆ) ಒಳ್ಳೆಯದು? ಇನ್ನೊಂದು ಮಾತನ್ನೂ ಕೇಳಬೇಕಾಗಿದೆ. ನಿತ್ಯ ಪೂಜಿಸುವ ದೇವರನ್ನು ಪರದೆಯ ಮೇಲೆ ಹೊಡೆದಾಟಕ್ಕೆ ಇಳಿಸುವುದು ನಮ್ಮ ಅಜ್ಜನವರಿಗೆ ಸರಿ ಕಾಣುತ್ತಿಲ್ಲ. ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯವನ್ನೂ ತಿಳಿಸಬೇಕೆಂದು ವಿನಂತಿ.

ಉತ್ತರ 1: ಕಿತ್ತೂರು ಸೀಮೆ (ಬೆಳಗಾವಿ)

ನಿಮ್ಮ ಆಯ್ಕೆಯಲ್ಲಿ ಎರಡು ತೊಡಕುಗಳಿವೆ, ಮತ್ತು ಎರಡೂ ಆಟ ಆರಂಭವಾದ ಕೆಲವೇ ನಿಮಿಷಗಳಲ್ಲಿ ನಿಮ್ಮನ್ನು ಕಾಡುತ್ತವೆ.

ಮೊದಲನೆಯ ‘ಸ್ಮೈಟ್’ನಲ್ಲಿ ಪ್ರತಿಯೊಂದು ಪಾತ್ರವೂ ಮೇಜ್ (ಮಾಂತ್ರಿಕ), ಹಂಟರ್ (ಬೇಟೆಗಾರ), ಅಸ್ಯಾಸಿನ್ (ಹೊಂಚಿ ಕೊಲ್ಲುವವ), ವಾರಿಯರ್ (ಯೋಧ), ಗಾರ್ಡಿಯನ್ (ರಕ್ಷಕ) ಎಂಬ ಐದು ವರ್ಗಗಳಲ್ಲಿ ಒಂದಕ್ಕೆ ಸೇರುತ್ತದೆ. ರಾಮನು ಹಂಟರ್, ದೂರದಿಂದ ಬಾಣ ಬಿಡುವವನು. ಕಾಳಿ ಮತ್ತು ಬಕಾಸುರ ಇಬ್ಬರೂ ಅಸ್ಯಾಸಿನ್‌ಗಳು. ಇವರ ಸಹಜ ಸ್ಥಾನ ಜಂಗಲ್. ಎರಡು ತಂಡಗಳ ನೆಲೆಗಳನ್ನು ಜೋಡಿಸುವ ಹಾದಿಗಳಾದ ಲೇನ್‌ಗಳ ನಡುವಿನ ಕಾಡಿನಲ್ಲಿ ಅಲೆದು, ಅಲ್ಲಿಯ ಪ್ರಾಣಿಗಳನ್ನು ಕೊಂದು ಚಿನ್ನವನ್ನೂ ಅನುಭವವನ್ನೂ ಗಳಿಸಿ, ಎದುರಾಳಿ ಮೈಮರೆತಾಗ ಲೇನ್‌ಗೆ ನುಗ್ಗಿ ಹೊಡೆಯುವುದು ಅವರ ಕೆಲಸ. ಒಂದು ತಂಡದ ಕಾಡು ಒಬ್ಬನ ಹೊಟ್ಟೆಗಷ್ಟೇ ಸಾಕಾಗುತ್ತದೆ. ಇಬ್ಬರು ಹಂಚಿಕೊಂಡರೆ ಇಬ್ಬರೂ ಲೆವೆಲ್‌ನಲ್ಲಿ ಹಿಂದೆ ಬೀಳುತ್ತಾರೆ. ಕಾಳಿಯ ವಿಷಯದಲ್ಲಿ ಇದು ಇನ್ನಷ್ಟು ತೀವ್ರ. ಅವಳಿಗೆ ಎದುರಾಳಿಗಳಲ್ಲಿ ಒಬ್ಬನು ಗುರಿಯಾಗಿ ನಿಗದಿಯಾಗುತ್ತಾನೆ, ಅವನನ್ನು ಕೊಂದರೆ ಅವಳಿಗೆ ವಿಶೇಷ ಪ್ರತಿಫಲವಿದೆ. ಅಂದರೆ ಬೇಟೆ ಫಲಿಸಿದಷ್ಟೂ ಬಲಿಯುವ ಪಾತ್ರವದು. ಬೇಟೆಗೆ ಬೇಕಾದ ಸಾಮಗ್ರಿಯನ್ನೇ ಕೊಳ್ಳಲಾಗದಿದ್ದರೆ ಅವಳಿಂದ ತಂಡಕ್ಕೆ ಉಪಯೋಗ ಕಡಿಮೆ.

ಎರಡನೆಯ ತೊಡಕು ಮೇಲ್ನೋಟಕ್ಕೆ ಕಾಣುವಂಥದ್ದಲ್ಲ. ಈ ಆಟದಲ್ಲಿ ಪೆಟ್ಟುಗಳು ಎರಡು ಬಗೆಯವು, ಫಿಸಿಕಲ್ ಮತ್ತು ಮ್ಯಾಜಿಕಲ್. ರಕ್ಷಣೆಯೂ ಅದಕ್ಕೆ ತಕ್ಕಂತೆ ಎರಡು ಬಗೆಯದು. ಹಂಟರ್, ಅಸ್ಯಾಸಿನ್, ವಾರಿಯರ್‌ಗಳ ಪೆಟ್ಟು ಫಿಸಿಕಲ್, ಮೇಜ್ ಮತ್ತು ಗಾರ್ಡಿಯನ್‌ಗಳದು ಮ್ಯಾಜಿಕಲ್. ನಿಮ್ಮ ಮೂವರ ಪೆಟ್ಟೂ ಫಿಸಿಕಲ್ ಆಗಿರುವುದರಿಂದ ಎದುರಾಳಿಯು ಫಿಸಿಕಲ್ ರಕ್ಷಣೆಯ ವಸ್ತುಗಳನ್ನಷ್ಟೇ ಕೊಂಡರೆ ಸಾಕು, ಮೂವರ ಹೊಡೆತವೂ ಒಟ್ಟಿಗೆ ಮೊಂಡಾಗುತ್ತದೆ. ಒಬ್ಬ ಆಟಗಾರ ಹೊರಬಹುದಾದ ವಸ್ತುಗಳು ಆರೇ ಆದ್ದರಿಂದ, ಎರಡೂ ಬಗೆಯ ರಕ್ಷಣೆಗೆ ಅವನ ಚಿನ್ನ ಹಂಚಿಹೋಗುವಂತೆ ಮಾಡುವುದು ತಂಡ ಕಟ್ಟುವವರ ಮೊದಲ ಲೆಕ್ಕಾಚಾರವಾಗಬೇಕು.

ಆದ್ದರಿಂದ ನನ್ನ ಸಲಹೆ ಇಷ್ಟು: ರಾಮ ಕ್ಯಾರಿಯಾಗಿ, ಅಂದರೆ ಆಟ ಬೆಳೆದಂತೆ ತಂಡದ ಮುಖ್ಯ ಹೊಡೆತಗಾರನಾಗಿ ಉಳಿಯಲಿ, ಕಾಳಿ ಅಥವಾ ಬಕಾಸುರ ಇಬ್ಬರಲ್ಲಿ ಒಬ್ಬರು ಜಂಗಲ್‌ಗೆ ಹೋಗಲಿ, ಮೂರನೆಯವರು ಗಾರ್ಡಿಯನ್ ಆಗಿರುವ ಗಣೇಶನನ್ನೋ ಕುಂಭಕರ್ಣನನ್ನೋ ಆಯ್ದು ರಾಮನ ಜೊತೆ ಸಪೋರ್ಟ್ ಆಗಿ ನಿಲ್ಲಲಿ. ಮಿಡ್ ಆಡುವ ಆಸೆಯಿದ್ದರೆ ಮೇಜ್ ವರ್ಗದ ಅಗ್ನಿ ಇದ್ದಾನೆ. ಅವನು ಹರಡುವ ಹೊಗೆಗೆ ಅವನದೇ ಇನ್ನೊಂದು ಶಕ್ತಿಯಿಂದ ಕಿಡಿ ತಗುಲಿಸಿದರೆ ಅದರೊಳಗಿನ ಎದುರಾಳಿ ಕ್ಷಣಕಾಲ ಸ್ತಬ್ಧನಾಗುತ್ತಾನೆ. ಈ ಎರಡು ಹೆಜ್ಜೆಗಳನ್ನು ಸರಿಯಾಗಿ ಜೋಡಿಸಲು ಕಲಿತವನಿಗೆ ಮಿಡ್ ಲೇನ್‌ನ ಅರ್ಧ ಪಾಠ ಮುಗಿದಂತೆಯೇ. ಸೋಲೋ ಲೇನ್ ಸಾಮಾನ್ಯವಾಗಿ ವಾಮನ, ಶಿವರಂಥ ವಾರಿಯರ್‌ಗಳಿಗೆ ಮೀಸಲು.

ಎಲ್ಲರಿಗೂ ಪರಿಚಿತ ಹೆಸರೇ ಬೇಕೆಂಬ ಹಟವಿಲ್ಲದಿದ್ದರೆ, ಈಜಿಪ್ಟಿನ ರಾ ಮತ್ತು ನೀತ್, ನಾರ್ಸ್ ಪರಂಪರೆಯ ಯಮಿರ್ ಇವರು ಕಲಿಯುವವರಿಗೆ ಹೇಳಿ ಮಾಡಿಸಿದ ಪಾತ್ರಗಳು. ಯಮಿರ್ ಎಬ್ಬಿಸುವ ಹಿಮದ ಗೋಡೆ ಒಂದರಿಂದಲೇ ಸಪೋರ್ಟ್ ಎಂದರೆ ಏನೆಂಬುದು ಅರ್ಥವಾಗುತ್ತದೆ. ಓಡುತ್ತಿರುವ ಶತ್ರುವಿನ ದಾರಿ ಕಟ್ಟುವುದೂ, ಅಟ್ಟಿಸಿಕೊಂಡು ಬರುತ್ತಿರುವವರಿಂದ ತನ್ನವರನ್ನು ಉಳಿಸುವುದೂ ಅದೇ ಗೋಡೆ.

ಉತ್ತರ 2: ಗುಮ್ಮಟ ನಗರಿ (ವಿಜಯಪುರ)

ಮೇಲಿನವರು ರೋಲ್‌ಗಳ ಬಗ್ಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಮೋಡ್‌ಗಳ ವಿಷಯ ಉಳಿದಿರುವುದರಿಂದ ಅದನ್ನಷ್ಟೇ ಬರೆಯುತ್ತೇನೆ.

ಹೆಚ್ಚಿನವರು ಹೊಸಬರನ್ನು ಅರೀನಾಕ್ಕೆ ಕಳಿಸುತ್ತಾರೆ. ಅದು ಐವರ ವಿರುದ್ಧ ಐವರ ಬಯಲು ಕಾದಾಟ, ಲೇನ್‌ಗಳಿಲ್ಲ, ಲೇನ್ ಕಾಯುವ ಟವರ್‌ಗಳಿಲ್ಲ. ಪ್ರತಿ ತಂಡಕ್ಕೂ 500 ಅಂಕಗಳಿರುತ್ತವೆ. ಎದುರಾಳಿ ಆಟಗಾರನೊಬ್ಬ ಸತ್ತರೆ ಅವನ ತಂಡಕ್ಕೆ 5 ಅಂಕ, ಮಿನಿಯನ್ (ತಾನೇ ಮುನ್ನಡೆಯುವ ಸಣ್ಣ ಸೈನಿಕ) ಸತ್ತರೆ 1 ಅಂಕ ಕಡಿತ, ನಿಮ್ಮ ಮಿನಿಯನ್‌ಗಳು ಅವರ ದ್ವಾರವನ್ನು ಹೊಕ್ಕರೂ ಅಂಕ ಕಡಿತವಾಗುತ್ತದೆ. ಈ ಆಟದಲ್ಲಿ ಕ್ಯಾಮೆರಾ ಪಾತ್ರದ ಬೆನ್ನ ಹಿಂದೆ ಇರುತ್ತದೆ ಮತ್ತು ಹೆಚ್ಚಿನ ಹೊಡೆತಗಳನ್ನು ನೀವೇ ಗುರಿಯಿಟ್ಟು ಬಿಡಬೇಕಾಗುತ್ತದೆ. ಕೈಯ ಆ ಪಳಗಿಕೆಗೆ ಅರೀನಾ ಉತ್ತಮ ಅಂಗಳ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿಯೇ ಬಹುಕಾಲ ಉಳಿದವರಿಗೆ ಕಂಡಕಂಡಲ್ಲಿ ಕಾದಾಡುವ ಚಾಳಿ ಅಂಟಿಕೊಳ್ಳುತ್ತದೆ. ಮಿನಿಯನ್‌ಗಳನ್ನು ಕಾಯುವುದು, ಹಿಂದೆ ಸರಿಯುವುದು, ಕಾಣೆಯಾದ ಎದುರಾಳಿ ಎಲ್ಲಿರಬಹುದೆಂದು ಊಹಿಸುವುದು, ಈ ಯಾವ ಸಂಯಮವನ್ನೂ ಅರೀನಾ ಕಲಿಸುವುದಿಲ್ಲ.

ನೀವು ಮೂವರೇ ಇರುವುದರಿಂದ ನಿಮಗೆ ಜೌಸ್ಟ್ ತಕ್ಕದ್ದು. ಮೂವರ ವಿರುದ್ಧ ಮೂವರು, ಒಂದೇ ಲೇನ್, ಪಕ್ಕದಲ್ಲಿ ಸಣ್ಣ ಕಾಡು, ಕೊನೆಯಲ್ಲಿ ಟೈಟನ್, ಅಂದರೆ ಕೆಡವಿದರೆ ಪಂದ್ಯ ಗೆದ್ದಂತಾಗುವ ದೈತ್ಯ. ಟವರ್ ಎದುರು ಹೇಗೆ ನಿಲ್ಲಬೇಕು, ಮಿನಿಯನ್‌ಗಳನ್ನು ಯಾವಾಗ ಮುಂದೆ ತಳ್ಳಬೇಕು, ಐದನೆಯ ಲೆವೆಲ್‌ನಲ್ಲಿ ಅಲ್ಟಿಮೇಟ್ ಎಂಬ ಅತಿ ಪ್ರಬಲ ಶಕ್ತಿ ಕೈಗೆ ಬಂದೊಡನೆ ಆಟದ ಸ್ವರೂಪ ಹೇಗೆ ಬದಲಾಗುತ್ತದೆ ಎಂಬುದೆಲ್ಲ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಪರಿಚಿತರು ತಂಡಕ್ಕೆ ಸೇರುವ ಪ್ರಮೇಯವೂ ಇಲ್ಲದ್ದರಿಂದ, ಫೋನಿನಲ್ಲಿ ಕನ್ನಡದಲ್ಲೇ ಮಾತನಾಡುತ್ತ ಆಡಬಹುದು.

ಅಸಾಲ್ಟ್‌ನಲ್ಲಿ ಪಾತ್ರ ಅದೃಷ್ಟಕ್ಕೆ ಬಿಟ್ಟದ್ದು. ಒಮ್ಮೆ ನೆಲೆಯಿಂದ ಹೊರಬಿದ್ದ ಮೇಲೆ ಸಾಯುವವರೆಗೂ ಮರಳಿ ಹೋಗಿ ವಸ್ತು ಕೊಳ್ಳುವಂತಿಲ್ಲ. ಅಪರಿಚಿತ ಪಾತ್ರಗಳ ರುಚಿ ನೋಡಲು ನಡುನಡುವೆ ಆಡಿರಿ.

ಆದರೆ ಈ ಆಟದ ಜೀವವಿರುವುದು ಕಾಂಕ್ವೆಸ್ಟ್‌ನಲ್ಲಿ. ಮೂರು ಲೇನ್‌ಗಳು, ಪ್ರತಿ ಲೇನ್‌ನಲ್ಲಿ ಒಂದೊಂದು ತಂಡಕ್ಕೆ ಎರಡು ಟವರ್ ಹಾಗೂ ಅವುಗಳ ಹಿಂದೆ ನೆಲೆ ಕಾಯುವ ಒಂದು ಫೀನಿಕ್ಸ್, ಎಲ್ಲದರ ಹಿಂದೆ ಟೈಟನ್. ಬಿದ್ದ ಟವರ್ ಮತ್ತೆ ಏಳುವುದಿಲ್ಲ, ಬಿದ್ದ ಫೀನಿಕ್ಸ್ ಸ್ವಲ್ಪ ಸಮಯದ ನಂತರ ಮತ್ತೆ ಏಳುತ್ತದೆ. ಹೀಗಾಗಿ ಫೀನಿಕ್ಸ್ ಕೆಡವಿದ ತಂಡ ಆ ಅವಧಿಯೊಳಗೆ ಅದರ ಲಾಭ ಪಡೆಯಬೇಕು. ನಕ್ಷೆಯಲ್ಲಿರುವ ಎರಡು ದೊಡ್ಡ ಜೀವಿಗಳಲ್ಲಿ ಗೋಲ್ಡ್ ಫ್ಯೂರಿಯನ್ನು ಕೊಂದರೆ ತಂಡಕ್ಕೆಲ್ಲ ಚಿನ್ನ, ಫೈರ್ ಜೈಂಟ್‌ನನ್ನು ಕೊಂದರೆ ತಂಡಕ್ಕೆಲ್ಲ ಬಲ. ಎದುರಾಳಿಗಳನ್ನು ಕೊಂದ ಲೆಕ್ಕದಲ್ಲಿ ಮುಂದಿದ್ದ ತಂಡ ಒಂದು ಫೈರ್ ಜೈಂಟ್‌ನನ್ನು ಬಿಟ್ಟುಕೊಟ್ಟ ಕಾರಣಕ್ಕೆ ಪಂದ್ಯವನ್ನೇ ಕಳೆದುಕೊಳ್ಳುವುದು ಇಲ್ಲಿ ಅಪರೂಪವಲ್ಲ. ಐದು ರೋಲ್‌ಗಳಿಗೆ ಅರ್ಥ ಬರುವುದು ಈ ನಕ್ಷೆಯಲ್ಲಿಯೇ ಆದ್ದರಿಂದ, ಜೌಸ್ಟ್ ಕೈಗೆ ಹತ್ತಿದೊಡನೆ ತಡಮಾಡದೆ ಇಲ್ಲಿಗೆ ಬನ್ನಿರಿ.

ಉತ್ತರ 3: ಸೀತಿಮನಿ ರಸ್ತೆ (ಬಾಗಲಕೋಟೆ)

ನಿಮ್ಮ ಅಜ್ಜನವರ ಸಂಕೋಚಕ್ಕೆ ಯಾರೂ ಉತ್ತರಿಸಿಲ್ಲವಾದ್ದರಿಂದ ಆ ಬಗ್ಗೆ ಬರೆಯುತ್ತಿದ್ದೇನೆ. ಅದು ತಳ್ಳಿಹಾಕುವಂಥ ಮಾತಲ್ಲ. ಆಟ ಇನ್ನೂ ಬೀಟಾ (ಪ್ರಾಯೋಗಿಕ) ಹಂತದಲ್ಲಿದ್ದ 2012ರಲ್ಲಿಯೇ ಅಮೆರಿಕದ ಹಿಂದೂ ಮುಖಂಡರೊಬ್ಬರು ಕಾಳಿಯ ಚಿತ್ರಣವನ್ನು ಬಹಿರಂಗವಾಗಿ ಆಕ್ಷೇಪಿಸಿದ್ದರು. ಆಟವನ್ನು ತಯಾರಿಸಿದ ಹೈ-ರೆಜ್ ಸ್ಟುಡಿಯೋಸ್, ಮುಂದೆ ಇನ್ನೂ ಹೆಚ್ಚು ದೇವತೆಗಳು ಬರುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದು ಉತ್ತರಿಸಿತ್ತು. ಕಾಳಿಯ ಉಡುಗೆಯ ಮಟ್ಟಿಗೆ ಆ ಆಕ್ಷೇಪ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಕೋಟ್ಯಂತರ ಜನ ತಾಯಿ ಎಂದು ಕರೆಯುವ ದೇವಿಯನ್ನು ಹಾಗೆ ಚಿತ್ರಿಸುವ ಅಗತ್ಯವಿರಲಿಲ್ಲ.

ಆದರೆ ಎಲ್ಲ ಪಾತ್ರಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬಾರದು. ಗಣೇಶನನ್ನು ನೋಡಿರಿ. ಅವನ ಓಂಕಾರ ಎದುರಿನವರ ಶಕ್ತಿಗಳನ್ನು ಅಡಗಿಸುತ್ತದೆ. ಅಲ್ಟಿಮೇಟ್‌ನಲ್ಲಿ ನಾಲ್ಕು ಧರ್ಮಸ್ತಂಭಗಳು ಏಳುತ್ತವೆ, ಅವುಗಳ ನಡುವಿನ ಗೆರೆಗಳನ್ನು ದಾಟುವ ಶತ್ರುವಿನ ರಕ್ಷಣೆ ಕುಂದುತ್ತದೆ. ಇವೆರಡಕ್ಕಿಂತಲೂ ನನ್ನ ಮನಸ್ಸಿಗೆ ಹಿಡಿಸಿದ್ದು ಅವನ ಸಹಜ ಗುಣ: ಗಣೇಶನು ಕೊನೆಯ ಪೆಟ್ಟು ಕೊಟ್ಟರೂ, ಆ ಕಾದಾಟದಲ್ಲಿ ಜೊತೆಯವನ ಪಾಲೂ ಇದ್ದರೆ, ಕೊಂದ ಕೀರ್ತಿ ಜೊತೆಯವನಿಗೆ ಸಲ್ಲುತ್ತದೆ. ತಾನು ಮುಂದೆ ಬಾರದೆ ಇನ್ನೊಬ್ಬರ ಕಾರ್ಯವನ್ನು ಸಿದ್ಧಿಗೊಳಿಸುವ ದೇವರೆಂದು ನಾವು ನಂಬುವ ಗಣಪತಿಯ ಗುಣ, ಸಪೋರ್ಟ್ ಎಂಬ ರೋಲ್‌ನ ನಿಯಮವಾಗಿ ಇಲ್ಲಿ ನಿಂತಿದೆ. ಇದನ್ನು ರೂಪಿಸಿದವರು ಓದಿಕೊಂಡು, ಯೋಚಿಸಿಯೇ ರೂಪಿಸಿದ್ದಾರೆ.

ಕುಂಭಕರ್ಣನ ಆಕಳಿಕೆ ಎದುರಿನವರನ್ನು ಮಂಪರಿಗೆ ತಳ್ಳುತ್ತದೆ. ಬಕಾಸುರ ಮಿನಿಯನ್‌ಗಳನ್ನು ನುಂಗಿ ಬಲ ಪಡೆಯುತ್ತಾನೆ ಮತ್ತು ಅಲ್ಟಿಮೇಟ್‌ನಲ್ಲಿ ನುಂಗಿದವನ್ನೇ ಹೊರಗೆ ಕಕ್ಕಿ ಯುದ್ಧಕ್ಕೆ ಹಚ್ಚುತ್ತಾನೆ. ವಾಮನನಂತೂ ನೀವು ಬಾದಾಮಿಯವರಾಗಿರುವುದರಿಂದ ವಿಶೇಷವಾಗಿ ಗಮನಿಸಬೇಕಾದ ಪಾತ್ರ. ನಿಮ್ಮ ಊರಿನ ಎರಡನೆಯ ಗುಹೆಯಲ್ಲಿ ಕೊಡೆ ಹಿಡಿದ ಕುಳ್ಳ ವಟು ಮತ್ತು ಕಾಲೆತ್ತಿ ಮುಗಿಲಿಗೆ ಬೆಳೆದ ತ್ರಿವಿಕ್ರಮ ಒಂದೇ ಶಿಲ್ಪದಲ್ಲಿ ಕಾಣುತ್ತಾರೆ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿಯೂ ತ್ರಿವಿಕ್ರಮನಿದ್ದಾನೆ. ಆಟದ ವಾಮನನ ಆಯುಧವೂ ಆ ಕೊಡೆಯೇ: ಬೀಸಿ ಎಸೆದರೆ ಹೊಡೆದು ಮರಳಿ ಬರುತ್ತದೆ. ಅಲ್ಟಿಮೇಟ್‌ನಲ್ಲಿ ಅವನು ದೈತ್ಯಾಕಾರ ತಾಳುತ್ತಾನೆ. ಮೊದಲು ಸಣ್ಣವನಾಗಿ ಸಹಿಸಿಕೊಂಡು, ತಕ್ಕ ಕ್ಷಣದಲ್ಲಿ ಬೆಳೆದು ನಿಲ್ಲುವ ಆ ಕಥೆಯ ಗತಿಯೇ ಸೋಲೋ ಲೇನ್ ಆಡುವ ಗತಿಯೂ ಆಗಿದೆ.

ನಮ್ಮ ಭಾಗದ ದೊಡ್ಡಾಟಗಳಲ್ಲಿ ದೇವರೂ ರಾಕ್ಷಸರೂ ಕಿರೀಟ, ಭುಜಕೀರ್ತಿ ತೊಟ್ಟು ರಾತ್ರಿಯಿಡೀ ಯುದ್ಧ ಮಾಡಿದ್ದನ್ನು ಅಜ್ಜನವರ ತಲೆಮಾರಿನವರು ಭಕ್ತಿಯಿಂದಲೇ ನೋಡಿದ್ದಾರೆ. ಅಲ್ಲಿ ವೇಷ ತೊಡುವ ಮೊದಲು ಗಣಪತಿಯ ಸ್ತುತಿಯಿರುತ್ತದೆ, ಕಥೆಗೆ ಒಂದು ಮುಕ್ತಾಯವಿರುತ್ತದೆ, ದೇವರು ಗೆಲ್ಲುತ್ತಾನೆ. ಇಲ್ಲಿ ಹಾಗಿಲ್ಲ, ರಾಮನೂ ಸೋಲಬಹುದು. ಈ ವ್ಯತ್ಯಾಸವನ್ನು ಅವರ ಮುಂದೆ ಮುಚ್ಚಿಡಬೇಡಿರಿ. ಗಣೇಶ, ವಾಮನರ ಆಟವನ್ನು ಒಮ್ಮೆ ಅವರ ಎದುರಿಗೇ ಆಡಿ ತೋರಿಸಿರಿ; ಅದಾದ ಮೇಲೂ ಅವರಿಗೆ ನೋವಾಗುವುದಾದರೆ, ಗ್ರೀಕ್ ಅಥವಾ ನಾರ್ಸ್ ಸಾಲಿನಿಂದ ಆಯ್ದುಕೊಂಡು ಆಡುವುದರಿಂದ ಆಟದ ಸೊಗಸಿಗೆ ಯಾವ ಕೊರತೆಯೂ ಆಗುವುದಿಲ್ಲ.

ಮಲಪ್ರಭಾ ದಂಡೆ (ಬಾದಾಮಿ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಕಾನ ಮಗನೊಂದಿಗೆ ಮಾತನಾಡಿದೆ. ಅವನು ಕಾಳಿಯನ್ನು ಬಿಟ್ಟು ಗಣೇಶನನ್ನು ಕಲಿಯಲು ಒಪ್ಪಿದ್ದಾನೆ, ಬಕಾಸುರ ಜಂಗಲ್‌ಗೆ ಹೋಗುತ್ತಾನೆ, ನಾನು ರಾಮನಲ್ಲಿಯೇ ಉಳಿಯುತ್ತೇನೆ. ಜೌಸ್ಟ್‌ನಿಂದ ಆರಂಭಿಸುತ್ತೇವೆ. ಎರಡು ಸಂಶಯಗಳು ಉಳಿದಿವೆ. ಮುಂದೆ ಕಾಂಕ್ವೆಸ್ಟ್‌ನಲ್ಲಿ ಅಪರಿಚಿತರೊಂದಿಗೆ ಆಡುವಾಗ ಇಂಗ್ಲಿಷಿನಲ್ಲಿ ಮಾತನಾಡುವುದು ಅನಿವಾರ್ಯವೇ? ಮತ್ತು ‘ಸ್ಮೈಟ್ 2’ಕ್ಕೆ ಹೋದರೆ ಈಗ ಕಲಿತದ್ದು ವ್ಯರ್ಥವಾಗುವುದೇ?

ಉತ್ತರ 4: ಕಿತ್ತೂರು ಸೀಮೆ (ಬೆಳಗಾವಿ)

ಮಾತನಾಡುವುದು ಅನಿವಾರ್ಯವಲ್ಲ. ಕೀಬೋರ್ಡಿನ ‘ವಿ’ ಕೀಲಿಯಿಂದ ಆರಂಭವಾಗುವ ಸಿದ್ಧ ಸಂದೇಶಗಳ ವ್ಯವಸ್ಥೆಯೊಂದು ಆಟದಲ್ಲಿಯೇ ಇದೆ. ಎರಡು ಮೂರು ಕೀಲಿಗಳನ್ನು ಒತ್ತಿದರೆ ‘ದಾಳಿ ಮಾಡಿ’, ‘ಹಿಂದೆ ಸರಿಯಿರಿ’, ‘ಮಿಡ್ ಲೇನ್‌ನ ಎದುರಾಳಿ ಕಾಣುತ್ತಿಲ್ಲ’ ಎಂಬಂಥ ಮಾತುಗಳನ್ನು ನಿಮ್ಮ ಪಾತ್ರವೇ ದನಿಯೆತ್ತಿ ತಂಡಕ್ಕೆ ಹೇಳುತ್ತದೆ. ಎದುರಾಳಿ ಕಾಣೆಯಾದುದನ್ನು ತಿಳಿಸುವ ಸಂದೇಶಗಳನ್ನು ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡಿರಿ.

‘ಸ್ಮೈಟ್ 2’ರ ಓಪನ್ ಬೀಟಾ 2025ರ ಜನವರಿಯಲ್ಲಿ ಆರಂಭವಾಯಿತು. ಅದರಲ್ಲಿ ಹಳೆಯ ವರ್ಗಗಳ ಕಟ್ಟುಪಾಡು ಸಡಿಲವಾಗಿದ್ದು, ಯಾವ ಪಾತ್ರ ಬೇಕಾದರೂ ಯಾವ ವಸ್ತುವನ್ನಾದರೂ ಕೊಳ್ಳಬಹುದು. ಶಕ್ತಿಯನ್ನು ಸ್ಟ್ರೆಂತ್ ಮತ್ತು ಇಂಟೆಲಿಜೆನ್ಸ್ ಎಂಬ ಎರಡು ಮಾನಗಳಲ್ಲಿ ಅಳೆಯಲಾಗುತ್ತದೆ. ಐದು ರೋಲ್‌ಗಳು ಹಾಗೆಯೇ ಇವೆ. ಕಾಂಕ್ವೆಸ್ಟ್, ಅರೀನಾ, ಜೌಸ್ಟ್, ಅಸಾಲ್ಟ್ ಮೋಡ್‌ಗಳೂ ಇವೆ. ಆದ್ದರಿಂದ ವಸ್ತುಗಳ ಪಟ್ಟಿಯನ್ನು ಹೊಸದಾಗಿ ಓದಬೇಕಾದೀತೇ ಹೊರತು, ಗುರಿಯಿಡುವ ಕೈ, ನಕ್ಷೆಯ ಮೇಲಿನ ಕಣ್ಣು, ಯಾವ ರೋಲ್‌ಗೆ ಯಾವ ಹೊಣೆ ಎಂಬ ತಿಳಿವಳಿಕೆ ಇವಾವುವೂ ವ್ಯರ್ಥವಾಗುವುದಿಲ್ಲ. ಗಣೇಶನನ್ನು ಕಲಿಯುತ್ತಿರುವ ನಿಮ್ಮ ತಮ್ಮನಿಗೆ ಒಂದು ಮಾತು ತಿಳಿಸಿರಿ: ಓಂಕಾರವನ್ನು ಕಾದಾಟದ ಆರಂಭದಲ್ಲಿಯೇ ಖರ್ಚು ಮಾಡದೆ, ಎದುರಾಳಿ ಮೇಜ್ ತನ್ನ ಅಲ್ಟಿಮೇಟ್‌ಗೆ ಸಿದ್ಧನಾಗುವವರೆಗೆ ಕಾಯಲಿ.