ಒಂದು ಪದ ಬೇಕಿದೆ: ತೊಗಲು ದಿಟ, ಒಳಗೆ ಬೇರೆ

ಎಲ್ಲರಿಗೂ ನಮಸ್ಕಾರ. ಮ್ಯೂಸಿಯಂಗಳಲ್ಲಿ ನಿಲ್ಲಿಸಿರುತ್ತಾರಲ್ಲ, ಚರ್ಮ ಹದಮಾಡಿ, ಗಾಜಿನ ಕಣ್ಣಿಟ್ಟು, ಬದುಕಿದ್ದಾಗಿನ ಹಾಗೇ ಕಾಣುವಂತೆ ಮಾಡಿದ ಹುಲಿ, ಕರಡಿ, ಹಕ್ಕಿಗಳು. ಅವಕ್ಕೆ ಕನ್ನಡದಲ್ಲಿ ಏನನ್ನಬೇಕು? ಆ ಕೆಲಸಕ್ಕೆ ಟ್ಯಾಕ್ಸಿಡರ್ಮಿ ಅಂದರೆ ಸಾಕು, ನನ್ನ ತಕರಾರಿಲ್ಲ. ನನಗೆ ಬೇಕಿರುವುದು ಆ ಪ್ರಾಣಿಗೆ ಒಂದು ಹೆಸರು.

ಇದೆಲ್ಲ ಶುರುವಾಗಿದ್ದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ. ಊರಿಂದ ಅಮ್ಮ ಬಂದಿದ್ದರು. ಡೋಡೋ ಹಕ್ಕಿಯ ಮುಂದೆ ನಿಂತು ಕೇಳಿದರು, "ಇದು ದಿಟದ್ದಾ, ಗೊಂಬೆನಾ?"

ಗೊಂಬೆ ಅಂದೆ. ಅದು ಸರಿಯಾದ ಉತ್ತರವೇ. ಮಾರಿಷಸ್‌ನ ಡೋಡೋ 17ನೇ ಶತಮಾನದಲ್ಲೇ ಅಳಿದುಹೋಯಿತು. ಇಡೀ ಮೈಚರ್ಮ ಎಲ್ಲೂ ಉಳಿದಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಒಂದು ತಲೆ, ಅದರ ಒಂದಷ್ಟು ಚರ್ಮ ಇದೆ, ಅಷ್ಟೇ. ಪುಕ್ಕದ ಸಮೇತ ನಿಂತಿರುವ ಡೋಡೋ ಎಲ್ಲಿ ಕಂಡರೂ ಅದು ಬೇರೆ ಹಕ್ಕಿಗಳ ಗರಿ ಅಂಟಿಸಿ ಮಾಡಿದ್ದು.

ಅದೇ ಹಕ್ಕಿಗಳ ವಿಭಾಗದಲ್ಲಿ ಹಮ್ಮಿಂಗ್‌ಬರ್ಡ್‌ಗಳ ಹಳೇ ಗಾಜಿನ ಪೆಟ್ಟಿಗೆಯೊಂದಿದೆ. ಹೆಬ್ಬೆರಳಿನಷ್ಟು ಹಕ್ಕಿಗಳು, ನೂರಾರು. ಕೆಲವದರ ಕೊರಳು ಇವತ್ತಿಗೂ ಮಿಂಚುತ್ತದೆ.

"ಇವೂ ಗೊಂಬೆನಾ?"

"ಅಲ್ಲಮ್ಮ, ದಿಟದ್ದು."

"ಜೀವ ಇಲ್ವಲ್ಲ. ಹಂಗಾರೆ ಏನನ್ಬೇಕು ಇದಕ್ಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸತ್ತ ಹಕ್ಕಿ ಅನ್ನೋಕೂ ಬಾಯಿ ಬರಲಿಲ್ಲ. ಸತ್ತ ಹಕ್ಕಿ ಅಂದರೆ ರಸ್ತೆ ಪಕ್ಕ ಬಿದ್ದಿರುವುದು, ಅಲ್ವಾ?

ಮನೆಗೆ ಬಂದು ಹುಡುಕಿದೆ. ಮೊದಲು ಸಿಕ್ಕಿದ್ದು 'ಚರ್ಮ ಪ್ರಸಾಧನ'. ನಾಟಕದ ಕರಪತ್ರದಲ್ಲಿ ಬೆಳಕು, ಸಂಗೀತ, ಪ್ರಸಾಧನ ಅಂತ ಇರುತ್ತದಲ್ಲ, ಅದೇ ಪ್ರಸಾಧನ. ಹುಲಿಗೆ ಬಣ್ಣ ಹಚ್ಚಿ ರಂಗದ ಮೇಲೆ ಕಳಿಸಿದ ಹಾಗಾಯಿತು. 'ಸಂರಕ್ಷಿತ ಪ್ರಾಣಿ' ಇನ್ನೂ ಗೊಂದಲ. ನಾಗರಹೊಳೆಯಲ್ಲಿ ಓಡಾಡಿಕೊಂಡಿರುವ ಹುಲಿಯೂ ಸಂರಕ್ಷಿತವೇ, ಗಾಜಿನ ಹಿಂದೆ ನಿಂತಿರುವುದೂ ಸಂರಕ್ಷಿತವೇ!

ಮಾತಿನಲ್ಲಿ ಜಾಸ್ತಿ ಕೇಳಿರುವುದು 'ಹುಲ್ಲು ತುಂಬಿದ ಹುಲಿ', 'ಸ್ಟಫ್ ಮಾಡಿದ ಹುಲಿ'. ಇಲ್ಲೊಂದು ತೊಡಕಿದೆ. ಮೈಸೂರಿನ ವ್ಯಾನ್ ಇಂಗೆನ್ ಅವರ ಕಾರ್ಖಾನೆ ಗೊತ್ತಿರಬಹುದು. ಹೆಚ್ಚು ಕಡಿಮೆ 20ನೇ ಶತಮಾನ ಪೂರ್ತಿ ನಡೆದು 1999ರಲ್ಲಿ ಮುಚ್ಚಿತು. ರಾಜಮಹಾರಾಜರು, ಬ್ರಿಟಿಷ್ ಸಾಹೇಬರು ಹೊಡೆದ ಸಾವಿರಾರು ಹುಲಿ, ಚಿರತೆಗಳು ಅಲ್ಲಿ ಮತ್ತೆ ಎದ್ದು ನಿಂತವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕೆಲಸ ಇಳಿಯುತ್ತಾ ಹೋಯಿತು. ಅಲ್ಲಿ ಚರ್ಮದೊಳಗೆ ಹುಲ್ಲು ತುರುಕುತ್ತಿರಲಿಲ್ಲ. ಅಚ್ಚಿಗೆ ಕಾಗದ, ಅಂಟು ಮೆತ್ತಿ ಹುಲಿಯ ಆಕಾರದ ಟೊಳ್ಳು ಮೈ ತೆಗೆಯುತ್ತಿದ್ದರು. ಹದಮಾಡಿದ ಚರ್ಮವನ್ನು ಅದರ ಮೇಲೆ ಎಳೆದು ಕೂರಿಸಿ ಹೊಲಿಯುತ್ತಿದ್ದರು. ತುಂಬಿದ್ದಲ್ಲ, ತೊಡಿಸಿದ್ದು. ಅಂಗಿ ತೊಡಿಸಿದ ಹಾಗೆ.

ಹಾಗೆ ನೋಡಿದರೆ 'ತೊಗಲುಗೊಂಬೆ' ಹೇಳಿ ಮಾಡಿಸಿದ ಪದ. ಆದರೆ ಅದನ್ನು ಪರದೆ ಹಿಂದೆ ದೀಪ ಹಚ್ಚಿ ಆಡಿಸುವವರು ಎಂದೋ ತೆಗೆದುಕೊಂಡುಬಿಟ್ಟಿದ್ದಾರೆ. 'ತೊಗಲುಹುಲಿ', 'ತೊಗಲುಹಕ್ಕಿ' ಅಂದರೆ ನಡೆದೀತಾ? ಸುಮ್ನೆ ಕೇಳುತ್ತಿದ್ದೇನೆ. ಕಿವಿಗೆ ಅಷ್ಟೇನೂ ಹಿತವಾಗಿಲ್ಲ.

ನಡುವೆ ಒಂದು ಮಾತು. ಹಳೇ ಮದರಾಸಿನ ಜನ ಎಗ್ಮೋರ್ ಮ್ಯೂಸಿಯಂಗೆ 'ಸೆತ್ತ ಕಾಲೇಜ್', ಮೃಗಾಲಯಕ್ಕೆ 'ಉಯಿರ್ ಕಾಲೇಜ್' ಅನ್ನುತ್ತಿದ್ದರಂತೆ. ಸತ್ತವುಗಳ ಕಾಲೇಜು, ಜೀವ ಇರುವವುಗಳ ಕಾಲೇಜು. ನಮ್ಮ ಕಡೆ ಇಂಥದ್ದೊಂದು ಯಾಕೆ ಹುಟ್ಟಲಿಲ್ಲವೋ ಅಂತ ಹೊಟ್ಟೆಕಿಚ್ಚಾಯಿತು.

ಅಮ್ಮನ ವಿಷಯಕ್ಕೆ ಬರುತ್ತೇನೆ. ಬಣ್ಣ ಮಾಸಿದ ಪ್ರಾಣಿಗಳ ಸಾಲಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ, "ಕರ ಸತ್ತೋದಾಗ ನಮ್ಮಪ್ಪ ಮಾಡ್ತಿದ್ರಲ್ಲ, ಅದೇ ಇದು" ಅಂದರು. ಕರು ಸತ್ತರೆ ಹಸು ಹಾಲು ಇಳಿಸುವುದಿಲ್ಲ. ಅದಕ್ಕೆ ಕರುವಿನ ತೊಗಲು ಬಿಡಿಸಿ, ಉಪ್ಪು ಸವರಿ ಒಣಗಿಸಿ, ಹುಲ್ಲು ತುಂಬಿ ದಬ್ಬಳದಲ್ಲಿ ಹೊಲಿಯುತ್ತಿದ್ದರಂತೆ. ಹಾಲು ಕರೆಯುವ ಹೊತ್ತಿಗೆ ತಂದು ಹಸುವಿನ ಮುಂದೆ ನಿಲ್ಲಿಸುವುದು. ಹಸು ನೆಕ್ಕಿ ನೆಕ್ಕಿ ಬೆನ್ನಿನ ಕೂದಲೆಲ್ಲ ಹೋಗಿತ್ತಂತೆ.

"ಅದು ದಿಟದ್ದಾ ಗೊಂಬೆನಾ?" ಅಂತ ನಾನು ತಿರುಗಿ ಕೇಳಿದೆ.

"ನಮಗೆ ಗೊಂಬೆ. ಹಸೀಗೆ ದಿಟದ್ದೇ."

ಅಂಥ ಕರುವಿಗೆ ಅಂತಲೇ ಒಂದು ಹೆಸರಿತ್ತಂತೆ. ಅಮ್ಮನಿಗೆ ಬಾಯಿ ತುದಿಗೆ ಬರುತ್ತದೆ, ಹೊರಗೆ ಬರುತ್ತಿಲ್ಲ. ಊರಿಗೆ ಫೋನ್ ಮಾಡಿ ಚಿಕ್ಕಮ್ಮನನ್ನೂ ಕೇಳಿದರು. ಅವರಿಗೂ ಮರೆತಿದೆ.

ಹಾಗಾಗಿ ನನ್ನ ಪ್ರಶ್ನೆ ಈಗ ಎರಡು. ನಿಮ್ಮ ಕಡೆ ಈ ಹುಲ್ಲು ತುಂಬಿದ ಕರುವಿಗೆ ಏನನ್ನುತ್ತಿದ್ದರು? ಯಾವ ತಾಲ್ಲೂಕು ಅಂತಲೂ ಬರೆಯಿರಿ. ಇನ್ನೊಂದು ಮೈಸೂರಿನವರಿಗೆ. ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ದುಡಿದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಸಂಜೆ ಮನೆಗೆ ಬಂದು "ಇವತ್ತೊಂದು ಹುಲಿ ಮುಗಿಸಿದೆ" ಅನ್ನುವಾಗ ಆ ಹುಲಿಗೆ ಯಾವ ಪದ ಬಳಸುತ್ತಿದ್ದರು, ಕೇಳಿ ತಿಳಿಸುತ್ತೀರಾ?