ಹೋದ ಹಕ್ಕಿಯ ತಾರೀಕು ಬರೆಯೋದು ಹೇಗೆ?

ಕೇಳಿದ್ದು:

ಎರಡು ವರ್ಷದಿಂದ ಬೈನಾಕ್ಯುಲರ್ ಹಿಡಿದು ಒಂದು ಕೆರೆಗೆ ಹೋಗುತ್ತಿದ್ದೇನೆ. ಚಳಿಗಾಲದ ಹಕ್ಕಿಗಳು ಬಂದಾಗ ಖುಷಿಯಿಂದ ತಾರೀಕು ಬರೆದಿಡುತ್ತೇನೆ. ಆದರೆ ಫೆಬ್ರವರಿ ಮುಗಿದು ಬಿಸಿಲು ಏರುತ್ತಿದ್ದಂತೆ ಒಂದೊಂದೇ ಕಾಣೆಯಾಗುತ್ತವೆ. ಯಾವುದು ಯಾವಾಗ ಹೋಯಿತು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಹೋದ ವರ್ಷ ಮೇ ಕೊನೆಯಲ್ಲಿ ಒಂದು ಗದ್ದೆಗೊರವ ಕಂಡಿತು, ಅದೂ ಚಳಿಗಾಲದ ಹಕ್ಕಿಯೇ. ಆನ್‌ಲೈನ್ ಹಕ್ಕಿ ಪಟ್ಟಿಗೆ ಹಾಕಿದೆ. 'ಇನ್ನಷ್ಟು ವಿವರ ಕೊಡಿ' ಅಂತ ಮೇಲ್ ಬಂತು. ನನ್ನನ್ನು ನಂಬಲಿಲ್ಲವಲ್ಲ ಅಂತ ಸ್ವಲ್ಪ ಬೇಜಾರಾಯಿತು. ವಸಂತದ ವಲಸೆಯನ್ನು ನೀವೆಲ್ಲ ಹೇಗೆ ದಾಖಲಿಸುತ್ತೀರಿ? ನೀವು ಮಾಡಿದ ತಪ್ಪುಗಳನ್ನೂ ಹೇಳಿ, ಅವೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ಇಪ್ಪತ್ತು ವರ್ಷದಿಂದ ನೋಟ್‌ಬುಕ್ ಇಟ್ಟವರು:

ಇದು ನಿಮ್ಮೊಬ್ಬರ ಕಷ್ಟ ಅಲ್ಲ. ಬಂದ ಹಕ್ಕಿ ಕಣ್ಣೆದುರು ಕೂತಿರುತ್ತದೆ, ಬರೆಯುತ್ತೇವೆ. ಹೋದ ಹಕ್ಕಿ ಎದುರಿಗೆ ಇರುವುದೇ ಇಲ್ಲವಲ್ಲ! ಇವತ್ತು ನೋಡಿದ್ದೇ ಈ ವರ್ಷದ ಕೊನೆಯ ಸಲ ಅಂತ ಅದು ಹೇಳಿ ಹೋಗುವುದೂ ಇಲ್ಲ.

ನನಗೆ ಇದನ್ನು ಕಲಿಸಿದ್ದು ಒಂದು ಕಂದು ಕಳಿಂಗ. ಪಂಪ್‌ಸೆಟ್ ಮನೆಯ ಪಕ್ಕದ ತಂತಿ ಅದರ ಜಾಗ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಕಳ್ಳನ ಹಾಗೆ ಕೂತಿರುತ್ತಿತ್ತು. ಮಿಡತೆ ಕಂಡರೆ ಧೊಪ್ಪನೆ ಇಳಿದು, ಮತ್ತೆ ಅದೇ ತಂತಿಗೆ. ಒಮ್ಮೊಮ್ಮೆ ಮಿಡತೆಯನ್ನು ಜಾಲಿ ಮುಳ್ಳಿಗೆ ಚುಚ್ಚಿ ಇಟ್ಟುಬಿಡುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ಚರ್ರ್ ಚರ್ರ್ ಅಂತ ಒರಟು ದನಿ ಕೇಳಿದರೆ ಬಂತು ಅಂತ ಅರ್ಥ. ಪ್ರತಿ ವರ್ಷ ಬಂದದ್ದು ಅದೇ ಹಕ್ಕಿ ಅಂತ ಪ್ರಮಾಣ ಮಾಡಲಾರೆ, ಕಾಲಿಗೆ ಗುರುತಿನ ಉಂಗುರ ಇರಲಿಲ್ಲ. ಆದರೆ ಚಳಿಗಾಲದ ಹಳೇ ಜಾಗಕ್ಕೇ ಮರಳಿ ಬರುವ ಬುದ್ಧಿ ಈ ಜಾತಿಗೆ ಇದೆ.

ಒಂದು ಸಲ ಹಳೇ ನೋಟ್‌ಬುಕ್‌ಗಳನ್ನೆಲ್ಲ ಹರಡಿಕೊಂಡು ಕೂತೆ. ಬಂದ ತಾರೀಕು ಪ್ರತಿ ವರ್ಷದ್ದೂ ಇದೆ. ಹೋದದ್ದಕ್ಕೆ? 'ಏಪ್ರಿಲ್‌ನಲ್ಲಿ ಹೋಗಿರಬೇಕು' ಅಂತ ಅಷ್ಟೇ. ಯಾಕೆ ಅಂದರೆ ಅಕ್ಟೋಬರ್ ಹೊತ್ತಿಗೆ ಅದು ಮನೆಯವರ ಹಾಗೆ ಆಗಿಬಿಟ್ಟಿತ್ತು. ದಿನಾ ಕಾಣುವುದನ್ನು ಯಾರು ಬರೆಯುತ್ತಾರೆ?

ಆಮೇಲಿಂದ ಫೆಬ್ರವರಿ ಬಂತು ಅಂದರೆ ಪ್ರತಿ ಸಲ ಹೋದಾಗಲೂ ಬರೆಯುತ್ತೇನೆ. ಕಂಡರೆ 'ಕಳಿಂಗ 1'. ಕಾಣದಿದ್ದರೆ 'ಕಳಿಂಗ 0'. ಈ ಸೊನ್ನೆಯೇ ಮುಖ್ಯ. ಕೊನೆಯ ಒಂದಕ್ಕೂ ಮೊದಲ ಸೊನ್ನೆಗೂ ನಡುವೆ ಎಲ್ಲೋ ಅದು ಹೊರಟಿದೆ. ವಾರಕ್ಕೊಮ್ಮೆ ಹೋದರೆ ಒಂದು ವಾರದ ಅನುಮಾನ ಉಳಿಯುತ್ತದೆ, ಎರಡು ದಿನಕ್ಕೊಮ್ಮೆ ಹೋದರೆ ಎರಡು ದಿನದ್ದು. ಮೊದಲ ಸೊನ್ನೆಗೇ ಅಂಗಡಿ ಮುಚ್ಚಬೇಡಿ. ಇನ್ನೂ ನಾಲ್ಕೈದು ಸಲ ಹೋಗಿ. ಒಂದು ವರ್ಷ ಎರಡು ಸೊನ್ನೆ ಆದ ಮೇಲೆ ಮತ್ತೆ ತಂತಿ ಮೇಲೆ ಕಳಿಂಗ ಕೂತಿತ್ತು. ನಮ್ಮದೇ ಇರಬಹುದು. ದಕ್ಷಿಣದಿಂದ ಬಡಗಣಕ್ಕೆ ಹೋಗುವ ಇನ್ನೊಂದು, ಖಾಲಿ ತಂತಿ ನೋಡಿ ಒಂದು ದಿನ ಇಳಿದಿರಲೂಬಹುದು. ಆ ಪುಟದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ, ಇನ್ನೂ ಅಳಿಸಿಲ್ಲ.

ಕೆರೆ ಅಂಚಿನ ಹಕ್ಕಿಗಳನ್ನೇ ನೋಡುವವರು:

ನಿಮ್ಮ ಮೇ ತಿಂಗಳ ಗೊರವ ಸುಳ್ಳೇನೂ ಇರಬೇಕಿಲ್ಲ. ಗೊರವ, ಪ್ಲೋವರ್ ಜಾತಿಯಲ್ಲಿ ಹೋದ ವರ್ಷವಷ್ಟೇ ಹುಟ್ಟಿದ ಎಳೆಯ ಹಕ್ಕಿಗಳಲ್ಲಿ ಕೆಲವು ಮೊದಲ ಬೇಸಿಗೆಯಲ್ಲಿ ವಾಪಸ್ ಹೋಗುವುದಿಲ್ಲ. ಇನ್ನೂ ಗೂಡು ಕಟ್ಟುವ ವಯಸ್ಸಲ್ಲ. ಅಷ್ಟು ದೂರ ಸುಮ್ನೆ ಯಾಕೆ ಹಾರಬೇಕು, ಅಲ್ವಾ? ಏಟು ಬಿದ್ದವು, ಸೊರಗಿದವು ಕೂಡ ಉಳಿದುಕೊಳ್ಳುತ್ತವೆ. ಹಾಗಾಗಿ ಮೇ, ಜೂನ್‌ನಲ್ಲಿ ಒಂಟಿ ಗೊರವ ಕಂಡರೆ 'ಇತ್ತು' ಅಂತ ಬರೆದರೆ ಸಾಲದು. ಗರಿ ಹೇಗಿತ್ತು, ಸರಿಯಾಗಿ ಹಾರಿತಾ, ಎಷ್ಟು ದಿನ ಅಲ್ಲೇ ಇತ್ತು ಅಂತಲೂ ಬರೆಯಿರಿ.

ಇನ್ನೊಂದು ವಿಷಯ. ಮಾರ್ಚ್, ಏಪ್ರಿಲ್‌ನಲ್ಲಿ ಇವುಗಳ ಬಟ್ಟೆಯೇ ಬದಲಾಗುತ್ತದೆ. ಚಳಿಗಾಲವಿಡೀ ಮಣ್ಣಿನ ಬಣ್ಣದಲ್ಲಿದ್ದ ಪೆಸಿಫಿಕ್ ಗೋಲ್ಡನ್ ಪ್ಲೋವರ್‌ನ ಎದೆ, ಹೊಟ್ಟೆ ಮೇಲೆ ಮೊದಲು ಮಸಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಹೋಗುವ ಹೊತ್ತಿಗೆ ಮುಖದಿಂದ ಹೊಟ್ಟೆವರೆಗೆ ಕಪ್ಪೇ ಕಪ್ಪು. ಕರ್ಲ್ಯೂ ಸ್ಯಾಂಡ್‌ಪೈಪರ್ ಬೂದು ಬಣ್ಣ ಬಿಟ್ಟು ಇಟ್ಟಿಗೆ ಕೆಂಪಾಗುತ್ತದೆ. ಬೂದು ಕುಂಡೆಕುಸ್ಕದ ಗಂಡಿಗೆ ಗಂಟಲು ಕಪ್ಪಾಗುತ್ತದೆ. ನಾನು ಮೊದಲ ವರ್ಷ ಈ ಕಪ್ಪು ಹೊಟ್ಟೆಯ ಪ್ಲೋವರ್ ನೋಡಿ ಹೊಸ ಜಾತಿ ಸಿಕ್ಕಿತು ಅಂತ ಕುಣಿದಿದ್ದೆ. ಪುಸ್ತಕ ತೆಗೆದರೆ ನಾಲ್ಕು ತಿಂಗಳಿಂದ ನೋಡುತ್ತಿದ್ದ ಅದೇ ಹಕ್ಕಿ!

ಆ ದಿನಗಳಲ್ಲಿ ಅವು ತಿನ್ನುವುದನ್ನೂ ಗಮನಿಸಿ. ಕೆಸರಿನಿಂದ ತಲೆ ಎತ್ತಲು ಪುರುಸೊತ್ತಿಲ್ಲ. ಹಗಲು ಉದ್ದವಾಗುತ್ತಿದ್ದಂತೆ ಮೈಯೊಳಗೆ ಗಂಟೆ ಬಾರಿಸಿದ ಹಾಗೆ ಆಗಿ, ಕೊಬ್ಬು ಕೂಡಿಟ್ಟುಕೊಳ್ಳಲು ಶುರುಮಾಡುತ್ತವೆ. ಆ ಕೊಬ್ಬೇ ದಾರಿಯ ಇಂಧನ.

ಒಂದೇ ಸಾಲಿನವರು:

ಮಾರ್ಚ್‌ನಲ್ಲಿ ಕೋಗಿಲೆ ಕೂಗಿತು ಅಂತ 'ವಲಸೆ ಬಂತು' ಅಂತ ಬರೆದಿದ್ದೆ, ಅದು ವರ್ಷವಿಡೀ ಇಲ್ಲೇ ಬಾಯಿ ಮುಚ್ಚಿಕೊಂಡು ಕೂತಿತ್ತು.

ಹೆಬ್ಬಾತುಗಳ ಬೆನ್ನು ಹತ್ತಿದವರು:

ಗುಂಪಾಗಿ ಹೋಗುವ ಹಕ್ಕಿಗಳಿಗೆ ಒಂದು, ಸೊನ್ನೆ ಸಾಲದು. ಎಣಿಕೆ ಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು, ಅಲ್ಲಿಗೆ ಹೆಸರು ತಂದದ್ದೇ ಪಟ್ಟೆತಲೆ ಹೆಬ್ಬಾತು. ಹಗಲು ನೀರಲ್ಲಿ ವಿಶ್ರಾಂತಿ, ಸಂಜೆ ಆಯಿತು ಅಂದರೆ ಹೊಲಗಳಿಗೆ ಮೇಯಲು. ಇವು ಮರಿ ಮಾಡುವುದು ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳಲ್ಲಿ. ಹೋಗುವಾಗ ಹಿಮಾಲಯ ದಾಟಲೇಬೇಕು. ಇಂಥ ಹಕ್ಕಿಗಳು ಒಂದೇ ದಿನ ಖಾಲಿಯಾಗುವುದಿಲ್ಲ. ಇವತ್ತು ಒಂದು ಗುಂಪು, ನಾಲ್ಕು ದಿನ ಬಿಟ್ಟು ಇನ್ನೊಂದು. ಕೊನೆಯ ಹಕ್ಕಿಯ ತಾರೀಕು ಮಾತ್ರ ಬರೆದರೆ ಕುಂಟುತ್ತಾ ಹಿಂದೆ ಉಳಿದ ಒಂದರ ಕಥೆ ಬರೆದ ಹಾಗೆ. ಅರ್ಧ ಖಾಲಿಯಾದದ್ದು ಯಾವಾಗ ಅನ್ನುವುದು ನನಗೆ ಅದಕ್ಕಿಂತ ಬೆಲೆಯ ಮಾಹಿತಿ.

ಎಣಿಸುವ ಉಪಾಯ: ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತದೆ ಅಂತ ಎಣಿಸಿ ನೋಡಿ, ಆಮೇಲೆ ಅಷ್ಟಷ್ಟು ಅಗಲದ ತುಂಡು ಎಷ್ಟಿವೆ ಅಂತ ಎಣಿಸಿ. ಅಂದಾಜು ಅಂತ ಬರೆಯಲು ನಾಚಿಕೆ ಬೇಡ. ಕುತ್ತಿಗೆಗೆ ಸಂಶೋಧಕರು ಗುರುತಿನ ಬಣ್ಣದ ಪಟ್ಟಿ ಹಾಕಿದ ಹೆಬ್ಬಾತು ಕಂಡರೆ ಬೇರೆ ಎಲ್ಲ ಬಿಟ್ಟು ಅದರ ಅಕ್ಷರ, ಅಂಕಿ ಓದಿ, ಫೋಟೋ ತೆಗೆಯಿರಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹಕ್ಕಿಗಳು ನಮ್ಮ ಕೆರೆಗಳಲ್ಲಿ ಸಿಕ್ಕಿವೆ.

ಅಂದಹಾಗೆ, ನೀರಲ್ಲಿ ನಿಂತ ಪ್ರತಿ ಹಕ್ಕಿಯೂ 'ಸೈಬೀರಿಯಾದಿಂದ ಬಂದ ಕೊಕ್ಕರೆ' ಅಲ್ಲ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ನಮ್ಮವೇ. ನೀರು, ಮೀನು ನೋಡಿಕೊಂಡು ಈ ನೆಲದೊಳಗೇ ಓಡಾಡುತ್ತವೆ. ಅವು ಬೇಸಿಗೆಯಲ್ಲಿ ಇವೆ ಅಂತ ಆಶ್ಚರ್ಯ ಪಡಬೇಕಿಲ್ಲ.

ನವರಂಗ ಕಂಡವರು:

ನನ್ನದು ದಾಖಲೆಗಿಂತ ಹೆಚ್ಚಾಗಿ ಒಂದು ಬೆಳಗಿನ ಕಥೆ. ಏಪ್ರಿಲ್ ಕೊನೆ. ರಾತ್ರಿಯಿಡೀ ಗುಡುಗು, ಮಳೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಿಟಕಿ ಕೆಳಗೆ ಮುಷ್ಟಿಯಷ್ಟು ಬಣ್ಣದ ಮುದ್ದೆ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದ ಬುಡದಲ್ಲಿ ಕುಂಕುಮ ಕೆಂಪು, ಕಣ್ಣಿನ ಮೇಲೆ ದಪ್ಪ ಕಪ್ಪು ಗೆರೆ. ನವರಂಗ. ಗಾಜಿಗೆ ಬಡಿದು ಬಿದ್ದಿತ್ತು. ಕೊಕ್ಕು ಅರ್ಧ ತೆರೆದಿತ್ತು, ಎದೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ನೀರು ಕುಡಿಸೋಣ ಅಂತ ಮನೆಯಲ್ಲಿ ಒಬ್ಬರು ಲೋಟ ತಂದರು. ಬೇಡ ಅಂದೆ. ಬಾಯಿಗೆ ನೀರು ಬಿಟ್ಟರೆ ಶ್ವಾಸನಾಳಕ್ಕೆ ಹೋಗಿ ಸಾಯಬಹುದು. ರಟ್ಟಿನ ಡಬ್ಬಿಗೆ ತೂತು ಮಾಡಿ, ಒಳಗೆ ಬಟ್ಟೆ ಹಾಕಿ, ಮುಚ್ಚಿ, ಕತ್ತಲಲ್ಲಿ ಇಟ್ಟೆ. ಇಣುಕಿ ನೋಡುವ ಆಸೆ ತಡೆದುಕೊಳ್ಳುವುದೇ ದೊಡ್ಡ ಕೆಲಸ. ಒಂದು ಗಂಟೆ ಆದ ಮೇಲೆ ಒಳಗಿಂದ ಕರಕರ ಕೆರೆಯುವ ಸದ್ದು. ಮರದ ನೆರಳಿಗೆ ಒಯ್ದು ಮುಚ್ಚಳ ತೆಗೆದೆ. ಟಣ್ಣನೆ ಹೊರಗೆ ಜಿಗಿದು, ಎರಡು ಹೆಜ್ಜೆ ಕುಪ್ಪಳಿಸಿ, ಏನೂ ಆಗಿಲ್ಲ ಅನ್ನುವ ಹಾಗೆ ಒಂದು ತರಗೆಲೆ ತಿರುವಿ ಹಾಕಿ ಹುಳ ಹುಡುಕಿತು. ಆಮೇಲೆ ಪೊದೆಯೊಳಗೆ ಮಾಯ. ಮರುದಿನ ಕತ್ತಲಾಗುವ ಹೊತ್ತಿಗೆ ಎರಡು ಸಲ ಅದರ ಶಿಳ್ಳೆ ಕೇಳಿತು. ಅದರ ಮರುದಿನ ಇಲ್ಲ.

ನವರಂಗದಂಥ ಎಷ್ಟೋ ಹಕ್ಕಿಗಳು ರಾತ್ರಿ ಪ್ರಯಾಣಿಕರು. ದೀಪ ಅವುಗಳ ದಾರಿ ತಪ್ಪಿಸುತ್ತದೆ. ಈಗ ನಾನು ವಲಸೆ ತಿಂಗಳುಗಳಲ್ಲಿ ಹೊರಗಿನ ಲೈಟ್ ಆರಿಸುತ್ತೇನೆ. ಗಾಜಿನ ಹೊರಮೈಗೆ ಎರಡೆರಡು ಇಂಚಿಗೆ ಒಂದರಂತೆ ಚುಕ್ಕೆ ಅಂಟಿಸಿದ್ದೇನೆ. ಮೊದಲು ಒಂದೇ ದೊಡ್ಡ ಗಿಡುಗದ ಸ್ಟಿಕ್ಕರ್ ಹಾಕಿದ್ದೆ. ಅದರ ಪಕ್ಕದ ಖಾಲಿ ಗಾಜಿಗೇ ಬಂದು ಬಡಿಯುತ್ತಿದ್ದವು.

ಪಟ್ಟಿಗಳನ್ನು ಪರಿಶೀಲಿಸುವವರು:

'ವಿವರ ಕೊಡಿ' ಅಂತ ಮೇಲ್ ಕಳಿಸುವ ಗುಂಪಿನಲ್ಲಿ ನಾನೂ ಒಬ್ಬ. ಬೇಜಾರು ಮಾಡಿಕೊಳ್ಳಬೇಡಿ. ಹಕ್ಕಿ ಪಟ್ಟಿಗಳನ್ನು ಕೂಡಿಡುವ ಇ-ಬರ್ಡ್‌ನಂಥ ಜಾಲತಾಣಗಳಲ್ಲಿ ಪ್ರತಿ ಪ್ರದೇಶಕ್ಕೂ, ಪ್ರತಿ ತಿಂಗಳಿಗೂ ಒಂದು ಜರಡಿ ಇರುತ್ತದೆ. ಈ ತಿಂಗಳಲ್ಲಿ ಈ ಜಾತಿ ಇಷ್ಟಕ್ಕಿಂತ ಹೆಚ್ಚು ಕಂಡರೆ ಕೇಳು ಅಂತ. ನಿಮ್ಮ ಗೊರವ ಆ ಜರಡಿಗೆ ಸಿಕ್ಕಿಕೊಂಡಿತು, ಅಷ್ಟೇ. ಕೇಳುವವರೂ ನಿಮ್ಮಂತೆ ಬೈನಾಕ್ಯುಲರ್ ಹಿಡಿದು ತಿರುಗುವವರೇ, ಸಂಬಳವಿಲ್ಲದೆ ಕೆಲಸ ಮಾಡುವವರು. ನೀವು ಕೊಟ್ಟ ವಿವರ ಸಾಲದೆ ಹೋದರೂ ನಿಮ್ಮ ಪಟ್ಟಿಯಿಂದ ಅದನ್ನು ಯಾರೂ ಕಿತ್ತುಹಾಕುವುದಿಲ್ಲ. ಎಲ್ಲರಿಗೂ ಕಾಣುವ ನಕ್ಷೆಗೆ ಮಾತ್ರ ಸೇರುವುದಿಲ್ಲ.

ನನಗೆ ಎಂಥ ವಿವರ ಸಾಕು ಗೊತ್ತಾ? 'ಚೆನ್ನಾಗಿ ಕಂಡಿತು, ಖಚಿತ' ಅಂತ ಬರೆದರೆ ನನಗೆ ಏನೂ ತಿಳಿಯುವುದಿಲ್ಲ. 'ಇಪ್ಪತ್ತು ಮೀಟರ್ ದೂರ, ಬೆಳಕು ಬೆನ್ನ ಹಿಂದಿತ್ತು, ಹುಬ್ಬು ಬಿಳಿ, ಬೆನ್ನ ಮೇಲೆ ಚುಕ್ಕೆ, ಹಾರುವಾಗ ಬಾಲದ ಬುಡ ಬಿಳಿ, ಕಾಲು ಹಳದಿ' ಅಂತ ಬರೆದರೆ ಫೋಟೋ ಇಲ್ಲದಿದ್ದರೂ ನಡೆಯುತ್ತದೆ. ನೋಡಿದ್ದನ್ನು ಬರೆಯಿರಿ, ಪುಸ್ತಕದಲ್ಲಿ ಇರುವುದನ್ನಲ್ಲ. ಪುಸ್ತಕದ ಸಾಲು ನಮಗೂ ಬಾಯಿಪಾಠ, ಸಿಕ್ಕಿಬೀಳುತ್ತೀರಿ!

ಮೇಲೆ ಸೊನ್ನೆಯ ಮಾತು ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. ಪಟ್ಟಿ ಕಳಿಸುವಾಗ 'ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ?' ಅಂತ ಒಂದು ಪ್ರಶ್ನೆ ಇರುತ್ತದೆ. ಕಾಗೆ, ಗೊರವಂಕ ಬಿಡದೆ ಎಲ್ಲ ಬರೆದು 'ಹೌದು' ಅಂದರೆ, ಪಟ್ಟಿಯಲ್ಲಿ ಇಲ್ಲದ ಪ್ರತಿ ಜಾತಿಗೂ ಸೊನ್ನೆ ಬರೆದ ಹಾಗೆಯೇ. ವಿಶೇಷ ಹಕ್ಕಿ ಮಾತ್ರ ಆರಿಸಿ ಬರೆದರೆ ಆ ಸೊನ್ನೆ ಕಳೆದುಹೋಗುತ್ತದೆ. ಹದಿನೈದು ನಿಮಿಷದ ಪೂರ್ತಿ ಪಟ್ಟಿ, ಅದೇ ಜಾಗ, ಹೆಚ್ಚುಕಮ್ಮಿ ಅದೇ ಹೊತ್ತು. ಇಷ್ಟು ಮಾಡಿದರೆ ಸಾಕು. 2007ರಲ್ಲಿ ಮೈಗ್ರಂಟ್‌ವಾಚ್ ಅಂತ ಒಂದು ಯೋಜನೆ ಭಾರತದಲ್ಲಿ ಶುರುವಾದಾಗ ವಲಸೆ ಹಕ್ಕಿಯ ತಾರೀಕುಗಳನ್ನೇ ಬೇರೆಯಾಗಿ ಕೇಳುತ್ತಿದ್ದರು. ಈಗ ಪೂರ್ತಿ ಪಟ್ಟಿಗಳು ಸಾಕಷ್ಟು ಬಂದರೆ ತಾರೀಕು ತಾನಾಗಿ ಹೊರಬೀಳುತ್ತದೆ.

ಒಂದು ಕೋರಿಕೆ. ದನಿ ಗುರುತಿಸುವ ಆ್ಯಪ್ ಹೆಸರು ತೋರಿಸಿತು ಅಂತ ಸೀದಾ ಪಟ್ಟಿಗೆ ಹಾಕಬೇಡಿ. ಅದು ಸುಳಿವು. ಕಿವಿ, ಕಣ್ಣು ನಿಮ್ಮದೇ ಇರಬೇಕು. ಸಣ್ಣ ಹಸಿರು ಉಲಿಯಕ್ಕಿಗಳ ವಿಷಯದಲ್ಲಂತೂ ಗೊತ್ತಾಗದಿದ್ದರೆ 'ಉಲಿಯಕ್ಕಿ, ಜಾತಿ ತಿಳಿಯದು' ಅಂತ ಬರೆಯಿರಿ. ನಾನೂ ಹಾಗೇ ಬರೆಯುತ್ತೇನೆ.

ಫೋಟೋ ತೆಗೆಯುವವರು:

ಎಲ್ಲರೂ ಹೋಗುವ ಹಕ್ಕಿ ಬಗ್ಗೆ ಹೇಳಿದಿರಿ. ವಸಂತದಲ್ಲಿ ಬರುವವೂ ಇವೆ. ನೀಲಿಬಾಲದ ಕಳ್ಳಿಪೀರ ಈ ಹೊತ್ತಿಗೇ ಕಾವೇರಿ ದಂಡೆಯ ಮಣ್ಣಿನ ಗೋಡೆಗಳಿಗೆ ಬಂದು ಬಿಲ ಕೊರೆಯುತ್ತದೆ. ನನ್ನ ತಪ್ಪು ಅಲ್ಲೇ ಆಯಿತು. ಒಂದು ಸಣ್ಣ ದಂಡೆಯ ಫೋಟೋ ಹಾಕಿ ಜಾಗ ನಿಖರವಾಗಿ ಬರೆದುಬಿಟ್ಟೆ. ಮುಂದಿನ ಭಾನುವಾರ ಹೋದರೆ ಬಿಲದ ಎದುರಿಗೇ ಕ್ಯಾಮೆರಾಗಳ ಸಾಲು. ಬಾಯಲ್ಲಿ ಹುಳ ಹಿಡಿದುಕೊಂಡು ತಂತಿ ಮೇಲೆ ಕಾಯುತ್ತಿದ್ದ ಹಕ್ಕಿಗಳು ಬಿಲಕ್ಕೆ ಇಳಿಯಲೇ ಇಲ್ಲ. ಈಗ ಗೂಡಿನ ಜಾಗ ಯಾರಿಗೂ ಹೇಳುವುದಿಲ್ಲ. ದಾಖಲೆಗೆ ಹಾಕುವುದಾದರೂ ಮರಿಗಳು ಹಾರಿದ ಮೇಲೆ.

ಕೇಳಿದವರು, ಮತ್ತೆ:

ಎಲ್ಲರಿಗೂ ಧನ್ಯವಾದ. ಮೇ ತಿಂಗಳ ಗೊರವದ ಬಗ್ಗೆ ನೆನಪಿದ್ದಷ್ಟು ಬರೆದು ಕಳಿಸಿದೆ. ಹಾರಿತು, ಬಾಲದ ಬುಡ ಬಿಳಿ ಇತ್ತು ಅಂತ ಖಚಿತ. ಕಾಲಿನ ಬಣ್ಣ ನೆನಪಿಲ್ಲ, ನೆನಪಿಲ್ಲ ಅಂತಲೇ ಬರೆದೆ.

ಇವತ್ತು ಬೆಳಿಗ್ಗೆ ಆರೂವರೆಗೆ ಹೋಗಿದ್ದೆ. ಕಾಗೆಯಿಂದ ಶುರುಮಾಡಿ ಎಲ್ಲ ಬರೆದೆ. ಸೂಜಿಬಾಲದ ಬಾತು 0. ಹೋದ ವಾರ ಎಷ್ಟಿದ್ದವು ಅಂತ ಹಿಂದಿನ ಪುಟ ತಿರುವಿದರೆ 'ತುಂಬಾ' ಅಂತ ಬರೆದಿದ್ದೇನೆ. ಬೂದು ಕುಂಡೆಕುಸ್ಕ 1, ತೂಬಿನ ಕಲ್ಲಿನ ಮೇಲೆ, ಗಂಟಲು ಅರ್ಧ ಕಪ್ಪು. ನಾಳಿದ್ದು ಮತ್ತೆ ಹೋಗುತ್ತೇನೆ.